ದಾರಿಬದಿಯ ಫಲಕ, ರಣಭೂಮಿಯ ಕಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಮಡಿಕೇರಿಯ ಗದ್ದಿಗೆಯ ಬಗ್ಗೆ ಬರೆದಿದ್ದೆ. ಅಲ್ಲಿ ರಾಜರ ಸಮಾಧಿಗಳ ಪಕ್ಕದಲ್ಲೇ ದಂಡನಾಯಕ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯ ಅವರ ಸಮಾಧಿಗಳೂ ಇರುವುದನ್ನು ನೆನಪಿಸಿ, ಅಮೆರಿಕದಲ್ಲಾಗಿದ್ದರೆ ಇಂಥ ಸ್ಥಳಕ್ಕೆ ತಿರುಗುವ ದಾರಿಯ ಬಾಯಿಯಲ್ಲೇ ಒಂದು ಲೋಹದ ಫಲಕ ನಿಂತಿರುತ್ತಿತ್ತು ಎಂದು ಒಂದು ವಾಕ್ಯ ಸೇರಿಸಿದ್ದೆ. ಲೇಖನದ ಉಳಿದ ಭಾಗಕ್ಕಿಂತ ಆ ಒಂದು ವಾಕ್ಯಕ್ಕೇ ಹೆಚ್ಚು ಪತ್ರಗಳು ಬಂದಿವೆ. ಕೊಡಗಿನಲ್ಲಿ ಸೇನೆಯ ನಂಟಿರುವ ಮನೆಗಳು ಬಹಳ, ಅಮೆರಿಕದಲ್ಲಿ ಮಕ್ಕಳಿರುವ ಮನೆಗಳೂ ಈಗ ಕಡಿಮೆಯಿಲ್ಲ. ಹಾಗಾಗಿ ಈ ಕುತೂಹಲ ನನಗೆ ಸಹಜವಾಗಿಯೇ ಕಂಡಿತು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರನ್ನು ಎಂದಿನಂತೆ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಹೋಗಿದ್ದಾಗ ಹೆದ್ದಾರಿಯ ಪಕ್ಕದಲ್ಲಿ ಕಂಬದ ಮೇಲೆ ನಿಲ್ಲಿಸಿದ ಬೆಳ್ಳಿಬೂದು ಬಣ್ಣದ ಫಲಕಗಳನ್ನು ಕಂಡೆ. ಅವುಗಳನ್ನು ಬರೆಯುವವರು ಯಾರು? ದುಡ್ಡು ಯಾರದು? ಅಲ್ಲಿ ಬರೆದದ್ದನ್ನೆಲ್ಲ ನಂಬಬಹುದೇ? (ವಿರಾಜಪೇಟೆ)

ಉತ್ತರ: ನೀವು ನೋಡಿದ್ದು ಆ ದೇಶದ ಅತ್ಯಂತ ಹಳೆಯ ಫಲಕ ಯೋಜನೆಗಳಲ್ಲಿ ಒಂದನ್ನು. ವರ್ಜೀನಿಯಾದ ಮೊದಲ ಫಲಕಗಳು 1927ರಲ್ಲಿ ಅಮೆರಿಕದ ಒಂದನೇ ನಂಬರಿನ ಹೆದ್ದಾರಿಯ ಉದ್ದಕ್ಕೂ ನಿಂತವು. ಮೋಟಾರು ಕಾರು ಆಗಷ್ಟೇ ಸಾಮಾನ್ಯ ಜನರ ಕೈಗೆ ಬಂದಿತ್ತು. ಊರಿಂದೂರಿಗೆ ಸುತ್ತಾಡಲು ಹೊರಟವರಿಗೆ ತಾವು ಹಾದುಹೋಗುತ್ತಿರುವ ನೆಲ ಯಾವುದೆಂದು ತಿಳಿಸಬೇಕೆಂಬ ಉದ್ದೇಶ ಅದರ ಹಿಂದಿತ್ತು. ಫಲಕದ ನೆತ್ತಿಯಲ್ಲಿ ಒಂದು ಅಕ್ಷರವೂ ಒಂದು ಸಂಖ್ಯೆಯೂ ಇರುವುದನ್ನು ನೀವು ಗಮನಿಸಿರಬಹುದು. ಯಾವ ಹೆದ್ದಾರಿಯ ಅಥವಾ ಪ್ರದೇಶದ ಎಷ್ಟನೆಯ ಫಲಕ ಎಂಬ ಗುರುತು ಅದು. ಇಂದು ಆ ರಾಜ್ಯವೊಂದರಲ್ಲೇ ಇಂಥ ಫಲಕಗಳು 2,500ಕ್ಕೂ ಹೆಚ್ಚಿವೆ.

ಬರಹದ ಜವಾಬ್ದಾರಿ ರಾಜ್ಯದ ಐತಿಹಾಸಿಕ ಸಂಪನ್ಮೂಲಗಳ ಇಲಾಖೆಯದು, ಖರ್ಚು ಸಾಮಾನ್ಯವಾಗಿ ಫಲಕ ಬೇಕೆಂದು ಕೇಳಿದವರದು. ಒಂದು ಊರಿನ ಇತಿಹಾಸ ಸಂಘವೋ, ಚರ್ಚೋ, ಹಳೆಯ ವಿದ್ಯಾರ್ಥಿಗಳ ಬಳಗವೋ ಅರ್ಜಿ ಹಾಕಿ ಆಧಾರಗಳನ್ನು ಒದಗಿಸಬೇಕು. ಇಲಾಖೆಯ ಇತಿಹಾಸಕಾರರು ಅವನ್ನು ಪರಿಶೀಲಿಸಿ, ಬರಹವನ್ನು ನೂರರ ಆಸುಪಾಸಿನ ಪದಗಳಿಗೆ ಇಳಿಸಿ, ಮಂಡಳಿಯ ಒಪ್ಪಿಗೆಗೆ ಇಡುತ್ತಾರೆ. ನನಗೆ ಬಹಳ ಮುಖ್ಯವೆನಿಸಿದ ಅಂಶವೆಂದರೆ, ಈ ಫಲಕಗಳು ಯಾರನ್ನೂ ಗೌರವಿಸಲು ನಿಲ್ಲಿಸಿದವಲ್ಲ, ತಿಳಿವಳಿಕೆ ಕೊಡಲು ನಿಲ್ಲಿಸಿದವು, ಆದ್ದರಿಂದ ಇವು ಸ್ಮಾರಕಗಳಲ್ಲ ಎಂದು ಆ ಇಲಾಖೆ ತನ್ನ ನಿಯಮದಲ್ಲೇ ಹೇಳಿಕೊಂಡಿರುವುದು. ಸ್ಮಾರಕವು ತಲೆಬಾಗಿಸುವಂತೆ ಕೇಳುತ್ತದೆ, ಗುರುತುಫಲಕವು ಇಲ್ಲಿ ಹೀಗಾಯಿತು ಎಂದಷ್ಟೇ ಹೇಳುತ್ತದೆ. ನಾವು ಊರಿನ ವೃತ್ತಕ್ಕೊಂದು ಹೆಸರಿಟ್ಟು ಪ್ರತಿಮೆ ನಿಲ್ಲಿಸಿದಾಗ ಎರಡೂ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ನಿಜವಾಗಿ ಮುಗಿದಿರುವುದು ಮೊದಲನೆಯದು ಮಾತ್ರ.

ಬೇರೆ ರಾಜ್ಯಗಳ ಪದ್ಧತಿ ಸ್ವಲ್ಪ ಬೇರೆ. ನ್ಯೂಯಾರ್ಕ್ ರಾಜ್ಯವು ಸ್ವಾತಂತ್ರ್ಯಯುದ್ಧದ 150ನೇ ವರ್ಷದ ನೆನಪಿಗೆ 1926ರಲ್ಲಿ ನೀಲಿ ಹಿನ್ನೆಲೆಯ ಹಳದಿ ಅಕ್ಷರದ ಫಲಕಗಳನ್ನು ನೆಡತೊಡಗಿತು. ಸರ್ಕಾರದ ಹಣ 1939ಕ್ಕೆ ನಿಂತಿತು. 2006ರಿಂದ ಪೊಮರಾಯ್ ಪ್ರತಿಷ್ಠಾನವೆಂಬ ಖಾಸಗಿ ಸಂಸ್ಥೆ ಅಲ್ಲಿನ ಊರುಗಳಿಗೆ ಫಲಕದ ಹಣ ಕೊಡುತ್ತಿದೆ, ಆದರೆ ಮೂಲ ದಾಖಲೆ ತೋರಿಸದೆ ಕೊಡುವುದಿಲ್ಲ. ಪತ್ರ, ದಿನಚರಿ, ಭೂದಾಖಲೆ, ಆ ಕಾಲದ ಪತ್ರಿಕೆ ಇವು ಅಲ್ಲಿ ಸಲ್ಲುತ್ತವೆ. ಅಜ್ಜ ಹೇಳಿದ್ದು ಎಂಬುದೊಂದೇ ಸಾಲದು. ಪೆನ್ಸಿಲ್ವೇನಿಯಾದ ನೀಲಿ ಮತ್ತು ಚಿನ್ನದ ಬಣ್ಣದ ಫಲಕಗಳು 1946ರಿಂದ ಬಂದವು. ಟೆಕ್ಸಸ್ 1936ರಲ್ಲಿ ತನ್ನ ಸ್ವಾತಂತ್ರ್ಯದ ಶತಮಾನೋತ್ಸವಕ್ಕೆ ಗ್ರಾನೈಟ್ ಕಲ್ಲುಗಳನ್ನು ನಿಲ್ಲಿಸಿ ಆರಂಭಿಸಿದ್ದು ಇಂದು 16,000 ದಾಟಿದೆ. ಈ ರಾಜ್ಯಗಳಲ್ಲಿ ಹಲವಕ್ಕೆ ಫಲಕ ಎರಕ ಹೊಯ್ದು ಕೊಡುತ್ತಿರುವುದು ಒಹಾಯೊ ರಾಜ್ಯದ ಮರಿಯೆಟ್ಟಾ ಎಂಬ ಊರಿನಲ್ಲಿ 1927ರಿಂದ ನಡೆಯುತ್ತಿರುವ ಸೇವಾ ಸ್ಟುಡಿಯೋಸ್ ಎಂಬ ಎರಕದ ಮನೆ. ಅಕ್ಷರಗಳನ್ನು ಜೋಡಿಸಿ, ಮರಳಿನ ಅಚ್ಚು ಮಾಡಿ, ಕರಗಿದ ಅಲ್ಯೂಮಿನಿಯಂ ಸುರಿದು, ಉಬ್ಬಿ ನಿಂತ ಅಕ್ಷರಗಳಿಗೆ ಬಣ್ಣ ಹಚ್ಚುತ್ತಾರೆ. ಬಣ್ಣ ಮಾಸಿದರೂ ಅಕ್ಷರ ಕೈಗೆ ಸಿಗುತ್ತದೆ.

ನಂಬಬಹುದೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಕುಶಾಲನಗರದ ಓದುಗರೊಬ್ಬರ ಪತ್ರ ಹೊಂದಿಕೊಂಡಿರುವುದರಿಂದ ಅದನ್ನು ಅಲ್ಲಿಗೆ ಬಿಡುತ್ತೇನೆ.

ಪ್ರಶ್ನೆ: ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧಸ್ಮಾರಕದ ಕಪ್ಪು ಗೋಡೆಗೆ ಕರ್ನಾಟಕದ ಕಲ್ಲು ಬಳಸಿದ್ದಾರೆಂದು ನಿವೃತ್ತ ಸೈನಿಕರಾದ ನನ್ನ ಮಾವನವರು ಹೇಳುತ್ತಿದ್ದರು. ಇದು ನಿಜವೇ? (ಮಡಿಕೇರಿ)

ಉತ್ತರ: ನಿಜ. ಆ ಗೋಡೆಯ ಕಲ್ಲು ಬೆಂಗಳೂರಿನಿಂದ ಹೋದದ್ದು. ವ್ಯಾಪಾರದ ಭಾಷೆಯಲ್ಲಿ ಅದನ್ನು ಕಪ್ಪು ಗ್ರಾನೈಟ್ ಎನ್ನುತ್ತಾರೆ. ಇಲ್ಲಿಂದ ಹೋದ ಕಲ್ಲನ್ನು ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಕಲ್ಲುಕೆಲಸದ ಊರಿನಲ್ಲಿ ಕತ್ತರಿಸಿ ಹದ ಮಾಡಿ, ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. ಕನ್ನಡಿಯಂತೆ ಮಿರುಗುವ ಕಪ್ಪು ಕಲ್ಲೇ ಬೇಕೆಂಬುದು ವಿನ್ಯಾಸದ ಜೀವಾಳವಾಗಿತ್ತು. ಅಂಥ ಕಲ್ಲು ಸ್ವೀಡನ್ ಮತ್ತು ಕೆನಡಾ ದೇಶಗಳಲ್ಲೂ ಸಿಗುತ್ತಿತ್ತು. ಆದರೆ ಆ ಯುದ್ಧಕ್ಕೆ ಹೋಗಲೊಲ್ಲದ ತರುಣರು ಆಶ್ರಯ ಪಡೆದದ್ದು ಅದೇ ದೇಶಗಳಲ್ಲಾದ್ದರಿಂದ ಅವು ಬೇಡವೆನಿಸಿದವು. ಒಂದು ಸ್ಮಾರಕದ ಕಲ್ಲು ಯಾವ ನೆಲದ್ದೆಂಬುದೂ ಸತ್ತವರ ಮನೆಯವರಿಗೆ ನೋವಾಗದಂತೆ ನೋಡಬೇಕಾದ ಸಂಗತಿ ಎಂದು ಅವರು ತಿಳಿದಿದ್ದರು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ವಿನ್ಯಾಸ ಮಾಡಿದ ಮಾಯಾ ಲಿನ್ ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿನಿ. ಸ್ಪರ್ಧೆಗೆ ಬಂದ 1,421 ವಿನ್ಯಾಸಗಳಲ್ಲಿ, ಬರೆದವರ ಹೆಸರನ್ನು ಮರೆಮಾಡಿ, ಸಂಖ್ಯೆಯನ್ನಷ್ಟೇ ನೋಡಿ ತೀರ್ಪುಗಾರರು ಅದನ್ನು ಆರಿಸಿದರು. ಸ್ಮಾರಕ 1982ರ ನವೆಂಬರ್ 13ರಂದು ಲೋಕಾರ್ಪಣೆಯಾಯಿತು. ಖರ್ಚನ್ನು ಸರ್ಕಾರ ಕೊಡಲಿಲ್ಲ. ಯುದ್ಧದಿಂದ ಹಿಂತಿರುಗಿದ ಸೈನಿಕರೇ ಸಂಘ ಕಟ್ಟಿ ಜನರಿಂದ ಕೂಡಿಸಿದರು.

ನೆಲದೊಳಕ್ಕೆ ಇಳಿಯುವಂತೆ ಎರಡು ರೆಕ್ಕೆಯಾಗಿ ಚಾಚಿದ ಆ ಗೋಡೆಯ ಒಂದೊಂದು ಭುಜ 246 ಅಡಿಗೂ ಉದ್ದವಾಗಿದ್ದು, ಒಂದು ವಾಷಿಂಗ್ಟನ್ ಸ್ಮಾರಕದ ಕಡೆಗೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆಗೆ ಮುಖ ಮಾಡಿದೆ. ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಹೆಸರುಗಳ ಕ್ರಮವನ್ನು ನಿಮ್ಮ ಮಾವನವರು ಖಂಡಿತ ಮೆಚ್ಚುತ್ತಾರೆ: ಹುದ್ದೆಯ ಪ್ರಕಾರವೂ ಅಲ್ಲ, ಅಕ್ಷರಮಾಲೆಯ ಪ್ರಕಾರವೂ ಅಲ್ಲ, ಪ್ರಾಣ ಹೋದ ದಿನದ ಪ್ರಕಾರ. ಒಂದೇ ದಿನ ಒಂದೇ ಕಾಳಗದಲ್ಲಿ ಬಿದ್ದ ಗೆಳೆಯರು ಕಲ್ಲಿನ ಮೇಲೂ ಅಕ್ಕಪಕ್ಕ ಇರುತ್ತಾರೆ. ಸಾಲು ನಡುಮೂಲೆಯಿಂದ ಆರಂಭವಾಗಿ ಪೂರ್ವದ ತುದಿಯವರೆಗೆ ಹೋಗಿ, ಪಶ್ಚಿಮದ ತುದಿಯಿಂದ ಮತ್ತೆ ಹೊರಟು ನಡುಮೂಲೆಗೇ ಬಂದು ಸೇರುವುದರಿಂದ, ಯುದ್ಧದ ಮೊದಲ ಸಾವೂ ಕೊನೆಯ ಸಾವೂ ಒಂದೇ ಜಾಗದಲ್ಲಿ ಎದುರಾಗುತ್ತವೆ. ಸತ್ತದ್ದು ಖಚಿತವಾದವರ ಹೆಸರಿನ ಪಕ್ಕದಲ್ಲಿ ವಜ್ರಾಕೃತಿಯ ಗುರುತು, ಪತ್ತೆಯಾಗದವರಿಗೆ ಶಿಲುಬೆಯಾಕಾರದ ಗುರುತು ಇದೆ. ಅವಶೇಷ ಸಿಕ್ಕಿ ಗುರುತಾದರೆ ಶಿಲುಬೆಯ ಮೇಲೆಯೇ ವಜ್ರವನ್ನು ಕೊರೆಯುತ್ತಾರೆ. ಅಂದರೆ ಕಲ್ಲನ್ನು ಬರೆದು ಮುಗಿಸಿದ್ದೆಂದು ಅವರು ಎಣಿಸಿಲ್ಲ.

ಮನೆಯವರು ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಪತ್ರ, ಬೂಟು, ಪದಕಗಳನ್ನು ಗೋಡೆಯ ಬುಡದಲ್ಲಿ ಇಟ್ಟು ಹೋಗುವುದೂ ಉಂಟು. ಅವನ್ನು ರಾಷ್ಟ್ರೀಯ ಉದ್ಯಾನ ಸೇವೆಯವರು ಆಯ್ದು ಜೋಪಾನ ಮಾಡುತ್ತಾರೆ. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ, ಹಿರಿಯರ ಗುಡಿಯಾದ ಕೈಮಡದ ಮುಂದೆ ಎಡೆಯಿಟ್ಟು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ವೀರಗಲ್ಲುಗಳಂತೆ, ಸತ್ತ ಜಾಗದಲ್ಲೇ ಸತ್ತವನಿಗೆ ಕಲ್ಲು ನೆಡುವ ಪದ್ಧತಿ ಅಮೆರಿಕದಲ್ಲಿದೆಯೇ? ನಾನು ಇತಿಹಾಸದ ಪದವಿ ವಿದ್ಯಾರ್ಥಿನಿ. (ಗೋಣಿಕೊಪ್ಪಲು)

ಉತ್ತರ: ಇದೆ. ಅದಕ್ಕೆ ಅತ್ಯಂತ ಹತ್ತಿರದ್ದು ಮೊಂಟಾನಾ ರಾಜ್ಯದ ಲಿಟ್ಲ್ ಬಿಗ್‌ಹಾರ್ನ್ ಎಂಬ ರಣಭೂಮಿ. 1876ರ ಜೂನ್ 25 ಮತ್ತು 26ರಂದು ಕಸ್ಟರ್ ನೇತೃತ್ವದ, ಅಮೆರಿಕದ ಸೇನೆಯ ಏಳನೇ ಅಶ್ವದಳದ ತುಕಡಿಯನ್ನು ಲಕೋಟಾ, ಶಾಯೆನ್ ಮತ್ತು ಅರಪಾಹೊ ಎಂಬ ಮೂಲನಿವಾಸಿ ಬುಡಕಟ್ಟುಗಳ ಯೋಧರು ಅಲ್ಲಿ ನಿರ್ಮೂಲ ಮಾಡಿದರು. 1890ರಲ್ಲಿ ಸೇನೆಯು ಒಬ್ಬೊಬ್ಬ ಸೈನಿಕ ಬಿದ್ದ ಜಾಗದಲ್ಲಿ ಒಂದೊಂದು ಬಿಳಿ ಅಮೃತಶಿಲೆಯನ್ನು ನೆಟ್ಟಿತು. ಹುಲ್ಲುಗಾವಲಿನ ಇಳಿಜಾರಿನಲ್ಲಿ ಚದುರಿ ನಿಂತ ಆ ಕಲ್ಲುಗಳನ್ನು ನೋಡಿದರೆ ಯಾರು ಗುಂಪಾಗಿ ನಿಂತು ಸತ್ತರು, ಯಾರು ಹಳ್ಳದ ಕಡೆಗೆ ಓಡುತ್ತ ಸತ್ತರು ಎಂಬುದು ನಕ್ಷೆಯಂತೆ ಕಾಣುತ್ತದೆ. ಆದರೆ 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋದ ಮೇಲೆ ಪುರಾತತ್ತ್ವಜ್ಞರು ಅಗೆದು ನೋಡಿದಾಗ, ಜೋಡಿಯಾಗಿ ನಿಂತಿದ್ದ ಕೆಲವು ಕಲ್ಲುಗಳ ಅಡಿಯಲ್ಲಿ ಒಬ್ಬನ ಮೂಳೆಗಳು ಮಾತ್ರ ಸಿಕ್ಕವು. ಗೆದ್ದ ಕಡೆಯವರಿಗೆ ನೂರು ವರ್ಷ ಕಳೆದರೂ ಕಲ್ಲೇ ಇರಲಿಲ್ಲ. ಆ ಸ್ಥಳದ ಹೆಸರೂ ಸೋತ ಕಸ್ಟರನದೇ ಆಗಿತ್ತು. 1991ರಲ್ಲಿ ಕಾನೂನಿನ ಮೂಲಕ ಅದನ್ನು ಬದಲಿಸಿದರು. 1999ರಿಂದ ಮೂಲನಿವಾಸಿ ಯೋಧರು ಬಿದ್ದ ಜಾಗಗಳಲ್ಲಿ ಕೆಂಪು ಗ್ರಾನೈಟ್ ಕಲ್ಲುಗಳನ್ನು ನೆಡತೊಡಗಿದರು, 2003ರಲ್ಲಿ ಅವರ ಸ್ಮಾರಕವೂ ಎದ್ದಿತು.

ಇನ್ನೊಂದು ಸ್ಥಳ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್. ಗುಲಾಮಗಿರಿಯ ಪ್ರಶ್ನೆಯ ಮೇಲೆ ದೇಶ ಎರಡಾಗಿ ಹೋರಾಡಿದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ನಡೆದ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಸೇರಿ ಸುಮಾರು 51,000 ಮಂದಿ. ಆ ಹೊಲಗಳಲ್ಲಿ ಇಂದು 1,300ಕ್ಕೂ ಹೆಚ್ಚು ಸ್ಮಾರಕಗಳೂ ಗುರುತುಗಳೂ ಇವೆ. ಬ್ರಿಗೇಡುಗಳ ಗುರುತುಫಲಕದ ಪೀಠ ಚೌಕವಾಗಿದ್ದರೆ ಉತ್ತರದ ಒಕ್ಕೂಟದ ಪಡೆ, ದುಂಡಗಿದ್ದರೆ ದಕ್ಷಿಣದ ಪಡೆ. ಅಕ್ಷರ ಓದಲಾಗದಷ್ಟು ದೂರದಿಂದಲೂ ಯಾರು ಯಾವ ಕಡೆಯವರೆಂದು ತಿಳಿಯುವ ಈ ಉಪಾಯ ಬಹಳ ವಿವೇಕದ್ದು. ರೆಜಿಮೆಂಟಿನ ಎಡದ ಅಂಚು ಇಲ್ಲಿ, ಬಲದ ಅಂಚು ಇಲ್ಲಿ ಎಂದು ತೋರಿಸುವ ಮೊಣಕಾಲೆತ್ತರದ ಸಣ್ಣ ಕಲ್ಲುಗಳೂ ಇವೆ.

ಕಲ್ಲು ಎಲ್ಲಿ ನಿಲ್ಲಬೇಕೆಂಬುದು ನ್ಯಾಯಾಲಯದ ಮೆಟ್ಟಿಲೇರಿದ ಕಥೆಯನ್ನು ನಿಮ್ಮಂಥ ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಪೆನ್ಸಿಲ್ವೇನಿಯಾದ 72ನೇ ರೆಜಿಮೆಂಟಿನ ಹಳೆಯ ಸೈನಿಕರು, ಕಾಳಗದ ಕೊನೆಯ ದಿನ ತಾವು ಮುಂದಿನ ಕಲ್ಲುಗೋಡೆಯವರೆಗೆ ನುಗ್ಗಿ ಶತ್ರುವನ್ನು ತಡೆದದ್ದರಿಂದ ತಮ್ಮ ಸ್ಮಾರಕ ಆ ಗೋಡೆಯ ಬಳಿಯೇ ನಿಲ್ಲಬೇಕೆಂದರು. ರಣಭೂಮಿಯನ್ನು ನೋಡಿಕೊಳ್ಳುತ್ತಿದ್ದ ಸಂಘವು, ಸ್ಮಾರಕ ನಿಲ್ಲಬೇಕಾದದ್ದು ರೆಜಿಮೆಂಟ್ ಸಾಲುಗಟ್ಟಿ ನಿಂತ ಜಾಗದಲ್ಲಿ, ಅದು ಗೋಡೆಗಿಂತ ಹಿಂದೆ ಎಂದಿತು. ಈ ಅಂತರಕ್ಕಾಗಿ ನಡೆದ ಮೊಕದ್ದಮೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1891ರಲ್ಲಿ ಸೈನಿಕರ ಪರವಾಗಿ ತೀರ್ಮಾನವಾಯಿತು. ಬಂದೂಕನ್ನು ತಿರುಗಿಸಿ ಹಿಡಿದು ದೊಣ್ಣೆಯಂತೆ ಬೀಸುತ್ತಿರುವ ಸೈನಿಕನ ಆ ಪ್ರತಿಮೆ ಈಗ ಗೋಡೆಯ ಬಳಿಯೇ ಇದೆ. ಆ ಅಂತರ ಕ್ಷುಲ್ಲಕವೆಂದು ನನಗೆ ಒಮ್ಮೆಯೂ ಅನಿಸಿಲ್ಲ. ಹಿಂದೆ ನಿಂತವರು, ಮುಂದೆ ನುಗ್ಗಿದವರು ಎಂಬ ವ್ಯತ್ಯಾಸವೇ ಅವರ ಬದುಕಿನ ಸಾರವಾಗಿತ್ತು.

ನೀವು ವೀರಗಲ್ಲುಗಳ ಅಧ್ಯಯನ ಮಾಡುತ್ತಿದ್ದರೆ ಇನ್ನೊಂದು ಹೋಲಿಕೆಯನ್ನೂ ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಶಾಸನ, ಗಂಗರ ದೊರೆ ಬೂತುಗನ ಕಾಲದ ಮಣಲೇರನೆಂಬ ವೀರನ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದಕ್ಕೆ ನೆಟ್ಟ ಕಲ್ಲು. ಗೆಟಿಸ್‌ಬರ್ಗಿನಲ್ಲಿ 11ನೇ ಪೆನ್ಸಿಲ್ವೇನಿಯಾ ರೆಜಿಮೆಂಟಿನ ಸ್ಮಾರಕದ ಪೀಠದಲ್ಲಿ ಸ್ಯಾಲಿ ಎಂಬ ನಾಯಿ ಕಂಚಿನಲ್ಲಿ ಮಲಗಿದೆ. ಕಾಳಗದ ಮೊದಲ ದಿನ ಪಡೆ ಹಿಮ್ಮೆಟ್ಟಿದಾಗ ಹಿಂದುಳಿದ ಅದು, ತನ್ನ ರೆಜಿಮೆಂಟಿನ ಸತ್ತವರನ್ನೂ ಗಾಯಾಳುಗಳನ್ನೂ ಬಿಟ್ಟು ಕದಲದೆ ಕಾಯುತ್ತ ಕೂತಿತ್ತು. 1865ರ ಫೆಬ್ರವರಿಯಲ್ಲಿ ಹ್ಯಾಚರ್ಸ್ ರನ್ ಕಾಳಗದಲ್ಲಿ ಗುಂಡಿಗೆ ಬಲಿಯಾಯಿತು. 1890ರಲ್ಲಿ ಸ್ಮಾರಕ ನಿಲ್ಲಿಸಿದ ಹಳೆಯ ಸೈನಿಕರು ಅದನ್ನು ಮರೆಯಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಒಂದು ಬೂಟಿಗೆ ಸ್ಮಾರಕ ಇದೆಯಂತೆ, ಹೌದೇ? (ಸೋಮವಾರಪೇಟೆ)

ಉತ್ತರ: ಹೌದು, ನ್ಯೂಯಾರ್ಕ್ ರಾಜ್ಯದ ಸರಟೋಗ ರಣಭೂಮಿಯಲ್ಲಿ. 1777ರ ಅಕ್ಟೋಬರ್ 7ರಂದು ಬ್ರಿಟಿಷರ ವಿರುದ್ಧ ಅಮೆರಿಕದ ಪಡೆಯನ್ನು ಮುನ್ನುಗ್ಗಿಸಿದ ಬೆನೆಡಿಕ್ಟ್ ಆರ್ನಲ್ಡ್ ಅವರ ಎಡಗಾಲಿಗೆ ಅಲ್ಲಿ ಗುಂಡು ಬಿತ್ತು. ಮೂರೇ ವರ್ಷದಲ್ಲಿ, 1780ರಲ್ಲಿ, ಅದೇ ಆರ್ನಲ್ಡ್ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ಹೊಂಚುಹಾಕಿ, ಸಂಚು ಬಯಲಾದಾಗ ಶತ್ರುಪಕ್ಷಕ್ಕೆ ಓಡಿಹೋದರು. 1887ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಈ ಸ್ಮಾರಕದಲ್ಲಿ ಒಂದು ಬೂಟಿದೆ, ಕ್ರಾಂತಿಸೇನೆಯ ಅತ್ಯಂತ ಪ್ರತಿಭಾವಂತ ಸೈನಿಕನೆಂಬ ಹೊಗಳಿಕೆಯಿದೆ, ಆದರೆ ಹೆಸರಿಲ್ಲ. ಅಲ್ಲಿಂದ ಕೆಲವು ಮೈಲಿ ದೂರದಲ್ಲಿರುವ ಎತ್ತರದ ಸರಟೋಗ ಸ್ಮಾರಕಸ್ತಂಭದ ನಾಲ್ಕು ಗೂಡುಗಳಲ್ಲಿ ಮೂರರಲ್ಲಿ ಸೇನಾನಿಗಳ ಪ್ರತಿಮೆಗಳಿದ್ದು, ನಾಲ್ಕನೆಯದನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಮಾಡಿದ್ದನ್ನು ಮರೆಯದೆ, ಮಾಡಿದವನನ್ನು ಕ್ಷಮಿಸದೆ ಇರುವ ದಾರಿ ಅವರಿಗೆ ಸಿಕ್ಕಿತು.

ಪ್ರಶ್ನೆ: ಕೊರಿಯಾ ಯುದ್ಧದ ಅಮೆರಿಕನ್ ಸ್ಮಾರಕದಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಹೆಸರಿದೆಯೇ? (ನಾಪೋಕ್ಲು)

ಉತ್ತರ: ಅಲ್ಲಿ ಕೊರೆದಿರುವುದು ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಮತ್ತು ಅವರ ಪಡೆಯೊಡನೆ ಸೇವೆ ಸಲ್ಲಿಸಿ ಮಡಿದ ಕೊರಿಯನ್ನರ ಹೆಸರುಗಳನ್ನು ಮಾತ್ರ. ತಿಮ್ಮಯ್ಯನವರು ಯುದ್ಧ ನಿಂತ ಮೇಲೆ, 1953ರಲ್ಲಿ, ಸ್ವದೇಶಕ್ಕೆ ಮರಳಲೊಲ್ಲದ ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು. ಹಿಂತಿರುಗಲು ಒಪ್ಪದ 21 ಮಂದಿ ಅಮೆರಿಕನ್ ಸೈನಿಕರ ವಿಚಾರವೂ ಅದೇ ಆಯೋಗದ ಮುಂದೆ ಬಂದಿತ್ತು. 1995ರಲ್ಲಿ ತೆರೆದ ಆ ಸ್ಮಾರಕದಲ್ಲಿ ಮಳೆಯಂಗಿ ತೊಟ್ಟು ನಡೆಯುತ್ತಿರುವ 19 ಉಕ್ಕಿನ ಸೈನಿಕರಿದ್ದಾರೆ. ಪಕ್ಕದ ನುಣುಪು ಗೋಡೆಯಲ್ಲಿ ಅವರ ಪ್ರತಿಬಿಂಬ ಸೇರಿದರೆ 38 ಆಗುತ್ತದೆ, ಕೊರಿಯಾವನ್ನು ಎರಡಾಗಿಸಿದ ಅಕ್ಷಾಂಶದ ಸಂಖ್ಯೆಯೂ ಅದೇ. ಕಾಲುದಾರಿಯ ಅಂಚಿನ ಕಲ್ಲಿನಲ್ಲಿ ವಿಶ್ವಸಂಸ್ಥೆಯ ಪರವಾಗಿ ನೆರವಾದ ದೇಶಗಳ ಹೆಸರುಗಳಿವೆ. ವೈದ್ಯಕೀಯ ತುಕಡಿಯನ್ನು ಕಳಿಸಿದ ಭಾರತದ ಹೆಸರು ಅಲ್ಲಿದೆ. ತಿಮ್ಮಯ್ಯನವರ ಆ ದಿನಗಳ ಬಗ್ಗೆ ತಿಳಿಯಬೇಕಾದರೆ ವಾಷಿಂಗ್ಟನ್ನಿಗೆ ಹೋಗಬೇಕಾಗಿಲ್ಲ, ಅವರು ಹುಟ್ಟಿ ಬೆಳೆದ ಮನೆ ಸನ್ನಿಸೈಡ್ ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ.

ಪ್ರಶ್ನೆ: ಅಮೆರಿಕದ ಯುದ್ಧಸ್ಮಾರಕಗಳಲ್ಲಿ ಕೊಡಗಿಗೋ ಮೈಸೂರಿಗೋ ಸಂಬಂಧಿಸಿದ್ದು ಯಾವುದಾದರೂ ಇದೆಯೇ? (ಪೊನ್ನಂಪೇಟೆ)

ಉತ್ತರ: ನೇರವಾಗಿ ನಮಗಾಗಿ ನಿಲ್ಲಿಸಿದ್ದಲ್ಲ, ಆದರೆ ವರ್ಜೀನಿಯಾದ ಯಾರ್ಕ್‌ಟೌನ್ ವಿಜಯಸ್ತಂಭದ ಮುಂದೆ ನಿಂತ ಕೊಡಗಿನವರಿಗೆ ಊರಿನ ನೆನಪಾಗಲೇಬೇಕು. 1781ರ ಅಕ್ಟೋಬರ್ 19ರಂದು ಅಲ್ಲಿ ಶರಣಾದ ಬ್ರಿಟಿಷ್ ಸೇನೆಯ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷದ ನಂತರ ಅವರೇ ಗವರ್ನರ್ ಜನರಲ್ ಆಗಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದರು. 1791ರಲ್ಲಿ ಅವರ ನೆರವಿಗೆ ಮುಂಬಯಿಯ ಸೇನೆಯನ್ನು ಮಲಬಾರಿನಿಂದ ಘಟ್ಟ ಹತ್ತಿಸಿ ಕರೆತಂದ ಜನರಲ್ ಅಬರ್‌ಕ್ರಾಂಬಿಗೆ ದಾರಿ, ದವಸ, ಎತ್ತುಗಳನ್ನು ಒದಗಿಸಿದವರು ನಮ್ಮ ದೊಡ್ಡ ವೀರರಾಜೇಂದ್ರ. ಅವರಿಬ್ಬರ ಭೇಟಿಯ ನೆನಪಿಗೆ ರಾಜ 1792ರಲ್ಲಿ ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಕಲ್ಲಿನ ಬದಲು ಊರನ್ನೇ ನೆಟ್ಟಂತಾಯಿತು. ಇಂದು ಆ ಸಂತೆಬೀದಿಯಲ್ಲಿ ನಡೆಯುವ ಎಷ್ಟು ಮಂದಿಗೆ ಇದು ಗೊತ್ತಿದೆ ಎಂದು ಯೋಚಿಸಿದಾಗಲೆಲ್ಲ ನನ್ನ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಯಾರ್ಕ್‌ಟೌನ್ ಸ್ತಂಭದ ಬಗ್ಗೆ ಇನ್ನೊಂದು ಮಾತು. ಗೆಲುವಿನ ಸುದ್ದಿ ತಲುಪಿದೊಡನೆ, 1781ರ ಅಕ್ಟೋಬರ್ 29ರಂದೇ, ಅಮೆರಿಕದ ಕಾಂಗ್ರೆಸ್ ಅಲ್ಲಿ ಸ್ತಂಭ ನಿಲ್ಲಿಸಬೇಕೆಂದು ನಿರ್ಣಯಿಸಿತು. ಅಡಿಗಲ್ಲು ಬಿದ್ದದ್ದು ನೂರು ವರ್ಷದ ನಂತರ, 1881ರಲ್ಲಿ, ಪೂರ್ಣವಾದದ್ದು 1884ರಲ್ಲಿ. ಮೈಸೂರಿನ ಹೆಸರು ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬೇರೊಂದು ರೀತಿಯಲ್ಲಿ ಕಾಣಿಸಿಕೊಂಡಿತ್ತು: ಪೆನ್ಸಿಲ್ವೇನಿಯಾದ ಒಂದು ಹಡಗಿಗೆ ಹೈದರ್ ಅಲಿ ಎಂದು ಹೆಸರಿಟ್ಟಿದ್ದರು, 1782ರ ಏಪ್ರಿಲಿನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಅದರಲ್ಲಿ ಹೋರಾಡಿ ಜನರಲ್ ಮಾಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದರು. ಕಾರ್ನ್‌ವಾಲಿಸರ ಯುದ್ಧದ ಗುರುತು ನಮ್ಮ ಕಡೆಯೂ ಇದೆ. ಬೆಂಗಳೂರು ಕೋಟೆಯ ಗೋಡೆಯಲ್ಲಿ, 1791ರ ಮಾರ್ಚ್ 21ರಂದು ಬ್ರಿಟಿಷರು ಈ ಬಿರುಕಿನ ಮೂಲಕ ನುಗ್ಗಿದರೆಂದು ಹೇಳುವ ಸಣ್ಣ ಅಮೃತಶಿಲೆಯ ಫಲಕವಿದೆ. ಅದೇ ಕಾಳಗದಲ್ಲಿ ಸತ್ತ ಬ್ರಿಟಿಷ್ ಸೈನಿಕರಿಗೆ ನಗರದಲ್ಲಿ ನಿಲ್ಲಿಸಿದ್ದ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು.

ಪ್ರಶ್ನೆ: ಫಲಕದಲ್ಲಿ ಬರೆದದ್ದೇ ಸುಳ್ಳಾದರೆ? ಅಲ್ಲಿ ಪ್ರತಿಮೆಗಳನ್ನು ಕೆಡವುತ್ತಿರುವುದನ್ನು ಟೀವಿಯಲ್ಲಿ ನೋಡಿದೆ. (ಕುಶಾಲನಗರ)

ಉತ್ತರ: ತಪ್ಪುಗಳಲ್ಲಿ ಎರಡು ಬಗೆ. ಒಂದು ಗೊತ್ತಿಲ್ಲದೆ ಆದದ್ದು. ಬಾಸ್ಟನ್ನಿನ ಬಂಕರ್ ಹಿಲ್ ಸ್ಮಾರಕ 221 ಅಡಿ ಎತ್ತರದ ಗ್ರಾನೈಟ್ ಸ್ತಂಭ. 294 ಮೆಟ್ಟಿಲು ಹತ್ತಿ ಮೇಲೆ ಹೋಗಬಹುದು. 1775ರ ಜೂನ್ 17ರ ಆ ಕಾಳಗ ಹೆಚ್ಚಾಗಿ ನಡೆದದ್ದು ಪಕ್ಕದ ಬ್ರೀಡ್ಸ್ ಹಿಲ್ ಎಂಬ ಗುಡ್ಡದ ಮೇಲೆ. ಸ್ಮಾರಕ ಸರಿಯಾದ ಗುಡ್ಡದ ಮೇಲೇ ಇದೆ, ಹೆಸರು ಮಾತ್ರ ಪಕ್ಕದ ಗುಡ್ಡದ್ದು. ಕೊರಿಯಾ ಸ್ಮಾರಕಕ್ಕೆ 2022ರಲ್ಲಿ ಸೇರಿಸಿದ ಹೆಸರುಗಳ ಗೋಡೆಯಲ್ಲಿ ನೂರಾರು ಹೆಸರುಗಳ ಕಾಗುಣಿತ ತಪ್ಪಿದ್ದು ಮರುವರ್ಷವೇ ಬೆಳಕಿಗೆ ಬಂತು. ಸತ್ತ ಮಗನ ಹೆಸರನ್ನು ತಪ್ಪಾಗಿ ಓದಬೇಕಾದ ಮನೆಯವರಿಗೆ ಅದು ಸಣ್ಣ ತಪ್ಪಲ್ಲ.

ಎರಡನೆಯದು ಗೊತ್ತಿದ್ದೂ ಬರೆದದ್ದು, ಮತ್ತು ಇದೇ ಹೆಚ್ಚು ಕೆಟ್ಟದ್ದು. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್ ಎಂಬಲ್ಲಿ, ಶಾಂತಿಯಿಂದ ಬಿಡಾರ ಹೂಡಿದ್ದ ಶಾಯೆನ್ ಮತ್ತು ಅರಪಾಹೊ ಜನರ ಮೇಲೆ ಸೈನಿಕರು ಬಿದ್ದು ಸುಮಾರು 230 ಮಂದಿಯನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 1909ರಲ್ಲಿ ಡೆನ್ವರಿನ ಶಾಸನಸಭೆಯ ಮುಂದೆ ನಿಲ್ಲಿಸಿದ ಅಂತರ್ಯುದ್ಧದ ಸ್ಮಾರಕ ಅದನ್ನು ಕಾಳಗಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಆ ಪದವನ್ನು ತಿದ್ದುವ ಫಲಕ ಬರಲು 2002ರವರೆಗೆ ಕಾಯಬೇಕಾಯಿತು. ಸ್ಮಾರಕದ ಮೇಲಿದ್ದ ಸೈನಿಕನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಪ್ರತಿಭಟನಕಾರರು ಉರುಳಿಸಿದರು. 1890ರ ಡಿಸೆಂಬರ್ 29ರಂದು ಲಕೋಟಾ ಜನರ ನರಮೇಧ ನಡೆದ ವೂಂಡೆಡ್ ನೀ ಎಂಬಲ್ಲಿಯ ಫಲಕದಲ್ಲೂ ಹೀಗೆಯೇ. ಕಾಳಗ ಎಂದಿದ್ದ ಪದದ ಮೇಲೆ ನರಮೇಧ ಎಂಬ ಪದವಿರುವ ತುಂಡನ್ನು ಜೋಡಿಸಿದ್ದಾರೆ. ನನಗೆ ಹೊಸ ಫಲಕಕ್ಕಿಂತ ಆ ತೇಪೆಯೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ, ಏಕೆಂದರೆ ಮೊದಲು ಏನು ಬರೆದಿದ್ದರೆಂಬುದೂ ಅದರಿಂದ ತಿಳಿಯುತ್ತದೆ.

ನೀವು ಟೀವಿಯಲ್ಲಿ ನೋಡಿದ ಪ್ರತಿಮೆಗಳಲ್ಲಿ ಅನೇಕವು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿ ಸೋತ ದಕ್ಷಿಣದ ಸೇನಾನಿಗಳವು. ಅವು ಯುದ್ಧ ಮುಗಿದೊಡನೆ ಎದ್ದವಲ್ಲ. ಹೆಚ್ಚಿನವು 1890ರಿಂದ ಮುಂದಿನ ಮೂರು ದಶಕಗಳಲ್ಲಿ, ಕಪ್ಪು ಜನರ ಮತದಾನದ ಹಕ್ಕನ್ನು ಕಸಿದುಕೊಳ್ಳುತ್ತಿದ್ದ ಕಾಲದಲ್ಲೇ ಎದ್ದವು. ರಿಚ್ಮಂಡಿನಲ್ಲಿ 1890ರಲ್ಲಿ ನಿಲ್ಲಿಸಿದ ಜನರಲ್ ಲೀ ಅವರ ಬೃಹತ್ ಪ್ರತಿಮೆಯನ್ನು 2021ರ ಸೆಪ್ಟೆಂಬರ್ 8ರಂದು ಇಳಿಸಲಾಯಿತು. ಒಂದು ಸ್ಮಾರಕವನ್ನು ಓದುವಾಗ ಅದು ಹೇಳುವ ವರ್ಷದ ಜೊತೆಗೆ ಅದನ್ನು ನಿಲ್ಲಿಸಿದ ವರ್ಷವನ್ನೂ ನೋಡಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕಾಗಿಯೇ.

ನಿಜ ಹೇಳಿದ ಫಲಕಗಳಿಗೂ ನೆಮ್ಮದಿಯಿಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಕಪ್ಪು ಬಾಲಕ ಎಮ್ಮೆಟ್ ಟಿಲ್‌ನ ಶವ ಸಿಕ್ಕ ನದೀದಂಡೆಯ ಫಲಕವನ್ನು ಒಮ್ಮೆ ಕದ್ದರು, ಮತ್ತೆ ಮತ್ತೆ ಗುಂಡು ಹೊಡೆದು ತೂತು ಮಾಡಿದರು. 2019ರಲ್ಲಿ ನಿಲ್ಲಿಸಿದ್ದು ಗುಂಡು ತಾಗದಂತೆ ಮಾಡಿದ, 500 ಪೌಂಡಿಗೂ ಹೆಚ್ಚು ತೂಕದ ಫಲಕ.

ಪ್ರಶ್ನೆ: ನಮ್ಮ ಊರಿನಲ್ಲೂ ಇಂಥದೊಂದು ಫಲಕ ಹಾಕಬೇಕೆಂದು ಯುವಕ ಸಂಘದವರು ನಿಶ್ಚಯಿಸಿದ್ದೇವೆ. ಏನೇನು ಗಮನಿಸಬೇಕು? (ಭಾಗಮಂಡಲ)

ಉತ್ತರ: ಈ ಪತ್ರ ಓದಿ ನನಗಾದ ಸಂತೋಷ ದೊಡ್ಡದು. ಮೊದಲು ಆಧಾರ ಕೂಡಿಸಿ. ಹಿರಿಯರ ಮಾತನ್ನು ಬರೆದುಕೊಳ್ಳಿ, ಆದರೆ ಅದನ್ನು ಶಾಸನ, ಕಂದಾಯ ದಾಖಲೆ, ಸೇನಾ ದಾಖಲೆಗಳ ಜೊತೆ ತಾಳೆ ನೋಡಿ. ದಾಖಲೆ ಎಷ್ಟು ಮುಖ್ಯವೆಂಬುದಕ್ಕೆ ನಮ್ಮವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿ ತಾವೂ ಮಡಿದ ಅವರ ಸಾಹಸ, ಎದುರು ಪಕ್ಷದ ದಾಖಲೆಗಳ ಮೂಲಕ ಹೊರಬರಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಎರಡನೆಯದಾಗಿ, ಜಾಗವನ್ನು ನಿಖರವಾಗಿ ಹೇಳಿ. ಫಲಕ ರಸ್ತೆಬದಿಯಲ್ಲೇ ಇರಬೇಕಾದರೆ, ಘಟನೆ ನಡೆದದ್ದು ಇಲ್ಲಿಂದ ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಬರೆಯಿರಿ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಬೇಕು, ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯದೂ ಬೇಕು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಹತ್ತಿರವಾದರೆ 100 ಮೀಟರ್‌ವರೆಗೆ ಯಾವ ನಿರ್ಮಾಣಕ್ಕೂ ಅವಕಾಶವಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆಯಬೇಕು. ವೀರಗಲ್ಲು ಸಿಕ್ಕರೆ ಅದನ್ನು ತೊಳೆದು ಬಣ್ಣ ಬಳಿಯಬೇಡಿ, ಇದ್ದಲ್ಲಿಂದ ಕೀಳಬೇಡಿ.

ಮೂರನೆಯದು ನಮ್ಮ ಮಳೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಬೋರ್ಡು ಎರಡು ಮಳೆಗಾಲ ತಡೆಯುವುದೂ ಕಷ್ಟ, ಕೊರೆದ ಕಲ್ಲಿನ ಸಾಲುಗಳಲ್ಲಿ ಪಾಚಿ ಕೂರುತ್ತದೆ. ಉಬ್ಬಕ್ಷರದ ಎರಕದ ಅಲ್ಯೂಮಿನಿಯಂ ಫಲಕಕ್ಕೆ ಖರ್ಚು ಹೆಚ್ಚಾದರೂ ಬಾಳಿಕೆಯಿದೆ. ಬರಹ ಕನ್ನಡದಲ್ಲಿರಲಿ, ಊರಿನವರು ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರಾದರೆ ಕನ್ನಡ ಲಿಪಿಯಲ್ಲೇ ಆ ಭಾಷೆಯ ಸಾಲುಗಳೂ ಇರಲಿ. ನೂರು ಪದ ಮೀರಿದರೆ ನಿಂತು ಓದುವವರಿಲ್ಲ. ವೀರ, ಧೀರ, ಅಪ್ರತಿಮ ಎಂಬ ವಿಶೇಷಣಗಳನ್ನು ಬಿಟ್ಟು, ಯಾರು, ಎಂದು, ಎಲ್ಲಿ, ಏನು ಮಾಡಿದರು ಎಂಬುದನ್ನು ಬರೆಯಿರಿ. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಬ್ರಿಟಿಷರು ಗಲ್ಲಿಗೇರಿಸಿದರು ಎಂಬ ಒಂದು ವಾಕ್ಯಕ್ಕೆ ಯಾವ ವಿಶೇಷಣವೂ ಬೇಕಾಗಿಲ್ಲ.

ಕೆಳಗಿನ ಸಾಲಿನಲ್ಲಿ ಫಲಕ ನಿಲ್ಲಿಸಿದವರ ಹೆಸರೂ ವರ್ಷವೂ ಇರಲಿ. ಶಾಸಕರ, ದಾನಿಗಳ ಹೆಸರುಗಳ ಪಟ್ಟಿ ಬೇಡ. ಮುಂದೊಂದು ದಿನ ತಪ್ಪು ಕಂಡವರು ಯಾರನ್ನು ಕೇಳಬೇಕೆಂದು ತಿಳಿಯುವಷ್ಟು ಸಾಕು. ಬರಹದ ಕರಡನ್ನು ಎರಕಕ್ಕೆ ಕೊಡುವ ಮೊದಲು ನನಗೊಮ್ಮೆ ಕಳಿಸಿದರೆ ಕಾಗುಣಿತವನ್ನೂ ತೇದಿಗಳನ್ನೂ ನೋಡಿಕೊಡುತ್ತೇನೆ.